ಎರಡನೇ ಸಲ ಕೇಳದ ಬೆಟ್ಟ

ಸಿಡ್ನಿಯ ಕೆಲ್ಲಿವಿಲ್‌ನಲ್ಲಿರುವ ನಮ್ಮ ಮನೆಗೆ ಮಹಡಿಯಿದೆ. ಅಲ್ಲಿ ನನ್ನ ಪುಸ್ತಕಗಳಿವೆ, ಬಟ್ಟೆಯ ಬೀರು ಇದೆ, ಬೆಳಗಿನ ಬಿಸಿಲು ಬೀಳುವ ಕಿಟಕಿಯಿದೆ. ಬೆನ್ನುಹುರಿಯ ಗಡ್ಡೆ ತೆಗೆಸಿಕೊಂಡು ಕಾಲುಗಳ ಬಲ ಕಳೆದುಕೊಂಡ ಮೇಲೆ ನಾನು ಅವನ್ನು ನೋಡಿಲ್ಲ. ಕೆಳಗಿನ ಲೌಂಜೇ ನನ್ನ ಮಲಗುವ ಕೋಣೆಯಾಯಿತು. ಇಂಥ ಕುರ್ತಾ ಬೇಕು ಎಂದರೆ ನನ್ನ ಗಂಡ ಮೇಲಿಂದ ತರುತ್ತಾರೆ, ತರುವುದು ಬೇರೆಯದನ್ನೇ. ನಾನು ಅದನ್ನೇ ಹಾಕಿಕೊಳ್ಳುತ್ತೇನೆ.

ಅವರು ಒಳ್ಳೆಯವರು. ಇದನ್ನು ಮೊದಲೇ ಹೇಳಿಬಿಡಬೇಕು, ಇಲ್ಲದಿದ್ದರೆ ಓದಿದವರೆಲ್ಲ ಅವರ ಪರ ವಾದಿಸಲು ಬರುತ್ತಾರೆ. ಆದರೆ ಮೆಟ್ರೋದಲ್ಲಿ ಹೋಗೋಣ ಎಂದರೆ ರಷ್ ಎನ್ನುತ್ತಾರೆ, ಪಾರ್ಕಿಗೆ ಎಂದರೆ ಗಾಳಿ. ನಮ್ಮವರ ಮನೆಗಳಿಗೆ ಊಟಕ್ಕೆ ಹೋದರೆ, "ಆಂಟಿಗೆ ಈಗ ಹೇಗಿದೆ ಅಂಕಲ್?" ಎಂದು ನನ್ನೆದುರೇ ಅವರನ್ನು ಕೇಳುತ್ತಾರೆ. ಅವರು ವಿವರವಾಗಿ ಹೇಳುತ್ತಾರೆ. ನಾನು ತಟ್ಟೆ ಹಿಡಿದುಕೊಂಡು ನನ್ನ ಆರೋಗ್ಯದ ಸುದ್ದಿಯನ್ನು ಪಕ್ಕದಲ್ಲಿ ಕೂತು ಕೇಳಿಸಿಕೊಳ್ಳುತ್ತೇನೆ. ಬಾಯಿಗೇನೂ ಆಪರೇಷನ್ ಆಗಿರಲಿಲ್ಲ.

ಮೆಲ್ಬರ್ನ್‌ನ ಪಾಯಿಂಟ್ ಕುಕ್‌ನಲ್ಲಿರುವ ನನ್ನ ತಂಗಿ ಇದನ್ನೆಲ್ಲ ಸಹಿಸುವವಳಲ್ಲ. ಕಳೆದ ಚಳಿಗಾಲದಲ್ಲಿ ಅವಳ ಮನೆಗೆ ಹೋದಾಗ, ಅಂಗವಿಕಲರಿಗೆ ಹಿಮದ ಮೇಲೆ ಜಾರುವುದನ್ನು ಕಲಿಸುವ ಒಂದು ಕಾರ್ಯಕ್ರಮಕ್ಕೆ ನನ್ನ ಹೆಸರು ಕೊಟ್ಟೇಬಿಟ್ಟಿದ್ದಳು.

"ಬುಕ್ ಮಾಡಾಯ್ತು ಅಕ್ಕ. ಭಾವನ್ನ ನಾನು ಒಪ್ಪಿಸ್ತೀನಿ," ಎಂದಳು.

ಫೋನಿನಲ್ಲಿ ಒಂದು ವಿಡಿಯೊ ತೋರಿಸಿದಳು. ಸ್ಕೀಯ ಮೇಲೆ ಕೂರಿಸಿದ ಒಂದು ಸೀಟು, ಅದರಲ್ಲಿ ನನ್ನ ವಯಸ್ಸಿನ ಹೆಂಗಸು. ಹಿಂದೆ ಹಗ್ಗ ಹಿಡಿದುಕೊಂಡು ಬರುವ ಶಿಕ್ಷಕಿ. ಇಳಿಜಾರಿನ ಕೊನೆಯಲ್ಲಿ ಆ ಹೆಂಗಸು ಏದುಸಿರು ಬಿಡುತ್ತಿದ್ದಳು. ಏದುಸಿರು ಬರುವಂಥದ್ದು ಏನನ್ನಾದರೂ ಮಾಡಿ ನನಗೆ ಎಷ್ಟು ಕಾಲವಾಗಿತ್ತು! ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ಆ ವಿಡಿಯೊವನ್ನು ಮತ್ತೆ ಮತ್ತೆ ನೋಡಿದೆ. ನನಗೆ ಅದು ಬೇಕಿತ್ತು. ಕಾಲು ಹೋದ ಮೇಲೆ ಬೇರೆ ಯಾವುದಕ್ಕೂ ನನ್ನ ಮನಸ್ಸು ಹೀಗೆ ಹಾತೊರೆದಿರಲಿಲ್ಲ.

ಹಿಮದ ಬೆಟ್ಟಕ್ಕೆ ಹೊರಟ ದಿನ ನನ್ನ ಗಂಡ ನನಗೆ ಎರಡು ಸ್ವೆಟರ್, ಅದರ ಮೇಲೆ ಜಾಕೆಟ್, ತಲೆಗೆ ಮಂಕಿಕ್ಯಾಪ್ ಹಾಕಿದರು. ಫ್ಲಾಸ್ಕಿನಲ್ಲಿ ಕಾಫಿ, ಡಬ್ಬಿಯಲ್ಲಿ ಚಪಾತಿ. ದಾರಿಯುದ್ದಕ್ಕೂ ಯಾರು ಯಾರು ಎಲ್ಲೆಲ್ಲಿ ಬಿದ್ದು ಏನೇನು ಮುರಿದುಕೊಂಡರು ಎಂಬುದನ್ನು ಹೇಳಿದರು. ನಮ್ಮನ್ನು ಇಳಿಸಿ ತಂಗಿ ಕಾರು ನಿಲ್ಲಿಸಲು ಹೋದಳು. ಪಾರ್ಕಿಂಗ್ ದೂರವಿತ್ತು.

ಶಿಕ್ಷಕಿ ಹಸನ್ಮುಖಿ ಹುಡುಗಿ. ಅವಳೂ ಇನ್ನೊಬ್ಬರೂ ನನ್ನನ್ನು ಎತ್ತಿ ಸೀಟಿನಲ್ಲಿ ಕೂರಿಸಿದರು. ಎದೆಗೆ, ಸೊಂಟಕ್ಕೆ, ಮೊಣಕಾಲಿಗೆ ಪಟ್ಟಿಗಳನ್ನು ಬಿಗಿದರು. ಉಸಿರು ಅರ್ಧಕ್ಕೇ ನಿಲ್ಲುವಷ್ಟು ಬಿಗಿ. ಎದುರಿಗೆ ಬಿಳಿ ಇಳಿಜಾರು. ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ಅವಳು ಹಿಮದಲ್ಲಿ ಮಂಡಿಯೂರಿ, ನನ್ನ ಕಣ್ಣಿನ ಮಟ್ಟಕ್ಕೆ ಬಂದು, ಹೋಗೋಣವೇ ಎಂದು ಇಂಗ್ಲಿಷಿನಲ್ಲಿ ಕೇಳಿದಳು.

ಆಕೆಗೆ ಭಯ ಜಾಸ್ತಿ ಎಂದು ನನ್ನ ಗಂಡ ಉತ್ತರಿಸಿದರು.

ತಾನು ಕೇಳಿದ್ದು ನನ್ನನ್ನು ಎಂದು ಹುಡುಗಿ ನನ್ನ ಕಡೆ ತೋರಿಸಿದಳು. ಎಷ್ಟೋ ದಿನಗಳ ಮೇಲೆ ಒಬ್ಬರು ನನ್ನನ್ನೇ ಕೇಳಿದ್ದರು. ಸರದಿಗೆ ಕಾಯುತ್ತಿದ್ದವರೂ, ನನ್ನ ಗಂಡನೂ ನನ್ನನ್ನೇ ನೋಡುತ್ತಿದ್ದರು. ನನ್ನ ಬಾಯಿಂದ ಹೊರಟಿದ್ದು, "ನೋ ನೋ, ಇಟ್ಸ್ ಓಕೆ. ಲೆಟ್ ಅದರ್ಸ್ ಗೋ."

ನಮ್ಮಲ್ಲಿ ಹುಟ್ಟಿದವರಿಗೆ ಇದನ್ನು ವಿವರಿಸಬೇಕಿಲ್ಲ. ಯಾರ ಮನೆಗೆ ಹೋದರೂ ಕಾಫಿ ಬೇಡ ಎನ್ನುತ್ತೇವೆ, ಹೋಳಿಗೆ ಸಾಕು ಎಂದು ಎಲೆಗೆ ಕೈ ಅಡ್ಡ ಹಿಡಿಯುತ್ತೇವೆ. ಬಡಿಸುವವರು ಅದನ್ನು ನಂಬುವುದಿಲ್ಲ. ನಂಬಿದರೆ ಅದೇ ಅವಮಾನ, ಮನೆಗೆ ಬಂದ ಮೇಲೆ ಅದರದೇ ಮಾತು. ದಾಕ್ಷಿಣ್ಯಕ್ಕೆ ಬಸಿರಾಗುವ ಗಾದೆ ನಮ್ಮಂಥವರನ್ನು ನೋಡಿಯೇ ಹುಟ್ಟಿರಬೇಕು. ನಾನೂ ಎರಡನೇ ಸಲ ಕೇಳಲಿ ಎಂದು ಕಾದೆ.

ಅವಳು "ನೋ ವರೀಸ್" ಎಂದಳು. ನೀವು ಹೇಳಿದಂತೆಯೇ ಆಗಲಿ ಎಂದು ನನ್ನ ಭುಜ ತಟ್ಟಿ, ಪಟ್ಟಿಗಳನ್ನು ಒಂದೊಂದಾಗಿ ಬಿಚ್ಚಿದಳು. ಅವಳದು ಮರ್ಯಾದೆ, ಅದರಲ್ಲಿ ತಪ್ಪಿಲ್ಲ. ಬಿಚ್ಚಬೇಡ ಎಂದು ಕಿರುಚಬೇಕೆನಿಸಿತು. ವೀಲ್‌ಚೇರಿಗೆ ಬಂದೆ. ನನ್ನ ಗಂಡ ಕಂಬಳಿ ಹೊದಿಸಿ ಇಳಿಜಾರಿನ ಬುಡದಲ್ಲಿದ್ದ ಲಾಡ್ಜಿನ ಗಾಜಿನ ಕಿಟಕಿಯ ಹಿಂದೆ ತಂದು ನಿಲ್ಲಿಸಿದರು. ಕಾಫಿ ಬಗ್ಗಿಸಿಕೊಟ್ಟರು. ಅವರ ಮುಖ ಬೆಳಿಗ್ಗೆಯಿಂದ ಮೊದಲ ಸಲ ಸಡಿಲವಾಗಿತ್ತು.

ತಂಗಿ ಬಂದು ನನ್ನನ್ನು ನೋಡಿದ ಕೂಡಲೇ, "ಬೇಡ ಅಂದ್ಯಾ? ನೀನು ಯಾವತ್ತು ಮೊದಲನೇ ಸಲಕ್ಕೆ ಹೂಂ ಅಂದಿದೀಯಾ," ಎಂದು ಓಡಿದಳು. ಮಧ್ಯಾಹ್ನ ಮತ್ತೆ ಕೂರಿಸುವಂತೆ ಶಿಕ್ಷಕಿಯನ್ನು ಒಪ್ಪಿಸಿ ಬಂದಳು. ಅಷ್ಟರಲ್ಲಿ ಮೋಡ ಬೆಟ್ಟದ ಮೇಲೇ ಇಳಿಯಿತು. ಏನೂ ಕಾಣಲಿಲ್ಲ. ಜನರನ್ನು ಇಳಿಜಾರಿನ ತುದಿಗೆ ಒಯ್ಯುವ ಲಿಫ್ಟ್‌ಗಳನ್ನು ನಿಲ್ಲಿಸಿದರು.

ಇಳಿಯುವಾಗ ತಂಗಿ ಕಾರು ಓಡಿಸುತ್ತಿದ್ದಳು, ನಾನು ಅವಳ ಪಕ್ಕ, ಗಂಡ ಹಿಂದೆ. ನಾನು ಅಳುತ್ತಿದ್ದುದು ಅವರಿಗೆ ಸ್ವಲ್ಪ ತಡವಾಗಿ ಗೊತ್ತಾಯಿತು.

"ನಿಂಗೆ ಬೇಕಿತ್ತಾ?" ಎಂದರು. "ಬೇಡ ಅಂದ್ಯಲ್ಲ."

"ಮದುವೆ ಆದಾಗಿಂದ ನಾನು ಬೇಡ ಅಂದಾಗಲೆಲ್ಲ ಮತ್ತೆ ಹಾಕಿದೀರಿ. ಅನ್ನ ಬೇಡ ಅಂದ್ರೂ ಹಾಕಿದೀರಿ, ಸ್ವೆಟರ್ ಬೇಡ ಅಂದ್ರೂ ಹಾಕಿದೀರಿ. ಇವತ್ತೊಂದಿನ ಯಾಕ್ರೀ ನಂಬಿದ್ರಿ?"

ಅವರು ಮುಂದಕ್ಕೆ ಬಾಗಿ ನನ್ನ ಸೀಟಿನ ಬೆನ್ನು ಹಿಡಿದುಕೊಂಡರು.

"ನೀನು ಬೇಡ ಅನ್ನಲಿ ಅಂತಲೇ ಕಾಯ್ತಿದ್ದೆ," ಎಂದರು. "ಆಸ್ಪತ್ರೆಯಲ್ಲಿ ನಿನ್ನ ಒಳಗೆ ಕರ್ಕೊಂಡು ಹೋದಾಗ ಬಾಗಿಲ ಹೊರಗೆ ನಿಂತಿದ್ದೆನಲ್ಲ. ಇನ್ನೊಂದು ಸಲ ಹಾಗೆ ನಿಲ್ಲಕ್ಕೆ ನನ್ನ ಕೈಲಿ ಆಗಲ್ಲ ಕಣೆ."

ಸಿಟ್ಟು ಬಂತು, ಅಯ್ಯೋ ಅನಿಸಿತು, ಮತ್ತೆ ಸಿಟ್ಟು ಬಂತು. ಮೆಟ್ರೋ, ಪಾರ್ಕು, ಗಾಳಿ, ರಷ್ಷು. ಇಷ್ಟು ದಿನ ನಾನು ಹೆದರುಪುಕ್ಕಲಿ, ಅದಕ್ಕೇ ಮನೆಯಲ್ಲಿ ಕೂತಿದ್ದೇನೆ ಎಂದು ನಂಬಿದ್ದೆ. ಆ ಹೆದರಿಕೆ ನನ್ನದಾಗಿರಲೇ ಇಲ್ಲ. ಅವರದನ್ನು ನಾನು ಮಡಿಲಲ್ಲಿಟ್ಟುಕೊಂಡು ಕೂತಿದ್ದೆ.