ಅಕ್ಕನ ಸ್ಕ್ಯಾನಿನಲ್ಲಿ ಇನ್ನೊಂದು ಸುತ್ತು

ಆವತ್ತು ಬೆಳಿಗ್ಗೆ ನಲ್ಲಿ ನೀರು ಹಿಡಿದೆ, ಡ್ರಮ್ಮು ತೊಳೆದೆ, ಅಂತರಸನಹಳ್ಳಿಯ ವರ್ಕ್‌ಶಾಪಿಗೆ ಹೊರಟ ಯಜಮಾನರಿಗೆ ಡಬ್ಬಿ ಕಟ್ಟಿದೆ, ರಾಗಿ ಮಿಲ್ಲಿಗೆ ಕೊಟ್ಟೆ, ಹೊದಿಕೆ ಒಗೆದು ಹಾಕಿದೆ. ಹತ್ತೂವರೆಗೆ ಬಸ್‌ಸ್ಟ್ಯಾಂಡಿಗೆ ಹೋಗಿ, ಗುಬ್ಬಿ ಬಸ್ಸಿನಿಂದ ಇಳಿದ ಅಕ್ಕನನ್ನು ಆಟೋದಲ್ಲಿ ಕರೆತಂದೆ.

ಹಳೆಯ ಕಾಮಾಲೆಯಿಂದ ಅಕ್ಕನ ಲಿವರ್ ಕೆಟ್ಟಿತ್ತು. ಹಿಂದಿನ ವಾರ ಸ್ಕ್ಯಾನ್ ಮಾಡಿಸಿದಾಗ ಒಂದು ಅಂಚಿನಲ್ಲಿ ಗಂಟು ಕಂಡಿತ್ತು. ಕ್ಯಾನ್ಸರ್ರೇ ಇರಬೇಕು ಎಂದಿದ್ದ ನಮ್ಮ ಡಾಕ್ಟರು ಒಂದು ಮಾತು ಸೇರಿಸಿದ್ದರು: ಒಂದೇ ಗಂಟಾದರೆ ಬೆಂಗಳೂರಿನಲ್ಲಿ ಕುಯ್ದು ತೆಗೆಯುತ್ತಾರೆ, ಲಿವರಿನ ಆ ಕಡೆಗೂ ಹಬ್ಬಿದ್ದರೆ ಕುಯ್ಯುವ ಹಾಗಿಲ್ಲ. ವಾರಕ್ಕೊಮ್ಮೆ ಅಲ್ಲಿಂದ ತುಮಕೂರಿಗೆ ಬರುವ ಸರ್ಜನ್ ಆ ಸಂಜೆ ಫಿಲಂ ನೋಡುವವರಿದ್ದರು.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷವಾಗಿತ್ತು. ಮಗಳು ಇಲ್ಲೇ ಇಂಜಿನಿಯರಿಂಗ್ ಕೊನೆ ವರ್ಷದಲ್ಲಿದ್ದಳು. ಪ್ರಾಜೆಕ್ಟಿಗೆಂದು ಕುಣಿಗಲ್ಲಿನ ಗೆಳತಿಯ ಜೊತೆ ಸೇರಿ, ಲಿವರಿನ ಸ್ಕ್ಯಾನ್ ನೋಡಿ ಗಂಟು ಗುರುತಿಸುವುದನ್ನು ಕಂಪ್ಯೂಟರಿಗೆ ಕಲಿಸುತ್ತಿದ್ದಳು. ಮಕ್ಕಳಿಗೆ ಅಕ್ಷರ ತಿದ್ದಿಸಿದ ಹಾಗೆಯೇ ಅದು. ಡಾಕ್ಟರು ಗಂಟಿನ ಸುತ್ತ ಗೆರೆ ಎಳೆದುಕೊಟ್ಟ ಹಳೆಯ ಚಿತ್ರಗಳನ್ನು ಒಂದಾದ ಮೇಲೊಂದು ತೋರಿಸುವುದು, ತಪ್ಪಿದರೆ ತಿದ್ದಿ ಮತ್ತೆ ತೋರಿಸುವುದು. ಕಲಿತಾದ ಮೇಲೆ ಹೊಸ ಚಿತ್ರದ ಗಂಟಿಗೆ ಕಂಪ್ಯೂಟರೇ ಸುತ್ತು ಹಾಕಬೇಕು. ಭಾನುವಾರ ಗುಬ್ಬಿಗೆ ಹೋದವಳು ದೊಡ್ಡಮ್ಮನ ಫಿಲಮ್ಮನ್ನೂ ಕೇಳಿ ತಂದು, ಟ್ಯೂಬ್‌ಲೈಟಿನ ಮುಂದೆ ಹಿಡಿದು ಫೋಟೋ ತೆಗೆದುಕೊಂಡಿದ್ದಳು.

ಮೂರು ಗಂಟೆಗೆ ಕಾಲೇಜಿನಿಂದ ಬಂದವಳು ಚಪ್ಪಲಿ ಬಿಡುವಾಗಲೇ ಕಣ್ಣಿನಲ್ಲಿ ನನ್ನನ್ನು ಅಡುಗೆಮನೆಗೆ ಕರೆದಳು.

"ಅಮ್ಮ, ಕಂಪ್ಯೂಟರ್ ಎರಡು ಸುತ್ತು ಹಾಕಿದೆ. ಈ ಕಡೆ ಒಂದು, ಆ ಕಡೆ ಒಂದು."

"ರಿಪೋರ್ಟಲ್ಲಿ ಒಂದೇ ಅಂತ ಇದೆಯಲ್ಲೇ."

"ಕಣ್ಣು ತಪ್ಪಿದ್ದನ್ನ ಹಿಡೀಲಿ ಅಂತಾನೇ ಅಲ್ವಾ ನಾವು ಇದನ್ನ ಮಾಡ್ತಿರೋದು?"

ಕೈಯಲ್ಲಿದ್ದ ಲೋಟ ಕಟ್ಟೆಯ ಮೇಲಿಟ್ಟೆ. ಫಿಲಂ ಇಸಿದುಕೊಂಡು ಕಿಟಕಿಗೆ ಹಿಡಿದೆ. ಅದರಲ್ಲಿ ಸಣ್ಣ ಸಣ್ಣ ಚಿತ್ರಗಳ ಸಾಲು. ಎರಡನೆಯ ಸುತ್ತು ಬಿದ್ದಿದ್ದು ಯಾವುದಕ್ಕೆ ಎಂದು ಮಗಳು ತೋರಿಸಿದಳು. ಅಲ್ಲೊಂದು ಮಬ್ಬು ಮಚ್ಚೆಯಿತ್ತು. ಓರೆ ಮಾಡಿ ಹಿಡಿದರೆ ಅದರ ಅಂಚು ಸ್ವಲ್ಪ ಕೆಂಪಗೆ ಕಂಡಿತು.

"ಅದೇನು ಇಬ್ರೂ ಪಿಸಪಿಸ?" ಅಕ್ಕ ಬಾಗಿಲಿಗೇ ಬಂದಿದ್ದಳು. "ನಾನಿನ್ನೂ ಬದುಕಿದೀನಿ ಕಣ್ರೇ, ನನಗೂ ಹೇಳಿ."

"ಅಕ್ಕ, ಈ ಫಿಲಮ್ಮಿಗೇನಾದ್ರೂ ಮಾಡಿದ್ಯಾ?"

"ಮಾಡೋದೇನು, ದೇವ್ರ ಮುಂದೆ ಇಟ್ಟಿದ್ದೆ. ಡಾಕ್ಟ್ರು ಬೆರಳಿಟ್ಟು ತೋರಿಸಿದ್ರಲ್ಲ, ಅಲ್ಲಿ ಒಂಚೂರು ಕುಂಕುಮ ಇಟ್ಟೆ. ದೇವ್ರಿಗೂ ಜಾಗ ಗೊತ್ತಾಗಬೇಡ್ವಾ? ಆಮೇಲೆ ಸೆರಗಲ್ಲಿ ಒರಸಿದೀನಿ ಬುಡು."

ಅಕ್ಕ ಫಿಲಂ ತಿರುಗಾಮುರುಗಾ ಹಿಡಿದು, ಕುಂಕುಮವನ್ನು ಗಂಟಿಲ್ಲದ ಆ ಕಡೆಗೆ ಇಟ್ಟಿದ್ದಳು. ಮಗಳು ನೆಲದ ಮೇಲೆ ಕೂತು, ಕಂಪ್ಯೂಟರ್ ಹಾಕಿದ ಎರಡು ಸುತ್ತಿನ ಕತೆ ಅಕ್ಕನಿಗೆ ಹೇಳಿದಳು.

"ಅಲ್ಲ ಕಣೇ, ಆ ಕಂಪ್ಯೂಟರಿಗೆ ಅಷ್ಟು ಓದಿಸಿದೀಯ, ಅದಕ್ಕೆ ಕುಂಕುಮ ಗೊತ್ತಾಗಲ್ವಾ?"

"ಬಣ್ಣಾನೇ ಗೊತ್ತಿಲ್ಲ ದೊಡ್ಡಮ್ಮ. ಅದಕ್ಕೆ ಎಲ್ಲಾ ಕಪ್ಪು ಬಿಳುಪು."

ಆದರೂ ಕುಂಕುಮದ ಕೆಳಗೆ ಏನಿದೆಯೋ ಎಂಬ ಭಯ ನನಗೆ ಹೋಗಲಿಲ್ಲ. ಒರೆಸಲು ಹೋದರೆ ಫಿಲಮ್ಮಿನ ಮೇಲೆ ಗೀರು ಬೀಳುತ್ತದೆಂದು ಸಂಜೆ ಹಾಗೇ ಸರ್ಜನ್ ಹತ್ತಿರ ತೆಗೆದುಕೊಂಡು ಹೋದೆವು. ಸರ್ಜನ್ ಅದನ್ನು ಲೈಟಿನ ಪೆಟ್ಟಿಗೆಗೆ ಸಿಕ್ಕಿಸಿ, ಮಗಳು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, ಮಚ್ಚೆಯ ಹಿಂದಿನ ಮುಂದಿನ ಚಿತ್ರಗಳ ಮೇಲೆ ಪೆನ್ನಾಡಿಸಿದರು. ಹತ್ತಿ ಒದ್ದೆ ಮಾಡಿ ಅವರೇ ಮೆಲ್ಲಗೆ ಒರೆಸಿದರು; ಮಚ್ಚೆ ಹತ್ತಿಗೇ ಬಂತು.

"ನಿಜವಾದ ಗಂಟಾಗಿದ್ರೆ ಪಕ್ಕದ ಚಿತ್ರದಲ್ಲೂ ಇರ್ಬೇಕಮ್ಮ. ಇಲ್ಲ ನೋಡಿ. ಇರೋದು ಒಂದೇ. ತೆಗೀಬಹುದು. ಸೋಮವಾರ ಬೆಂಗಳೂರಿಗೆ ಬಂದು ಅಡ್ಮಿಟ್ ಆಗಿ."

ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು. ಆಟೋದಲ್ಲಿ ಮಗಳ ಕೈ ಹಿಡಿದು, "ಮಾರ್ಕ್ಸ್ ಕಳೀತಾರೇನೇ ನಿಂಗೆ?" ಎಂದು ಕೇಳಿದಳು.

ರಾತ್ರಿ ಮುದ್ದೆ, ಸೊಪ್ಪಿನ ಸಾರು, ಮಜ್ಜಿಗೆ. ವಾರದಿಂದ ಅರ್ಧ ಮುದ್ದೆಯನ್ನೂ ಮುಗಿಸದಿದ್ದ ಅಕ್ಕ ಒಂದನ್ನು ಪೂರ್ತಿ ಉಂಡು, ನಾನು ಪಾತ್ರೆ ತೊಳೆದು ಬರುವುದರೊಳಗೆ ಎಲ್ಲರಿಗಿಂತ ಮೊದಲು ನಿದ್ದೆಹೋಗಿದ್ದಳು.