ಕೈಹೊಲಿಗೆಯ ಚೀಟಿ

ರಾಯದುರ್ಗದಲ್ಲಿ ನಮ್ಮ ಎದುರು ಮನೆಯಲ್ಲಿದ್ದ, ಕೌದಿ ಹೊಲಿಯುವಾಕೆ ಸಿಟ್ಟು ಬಂದಾಗ ಮೊದಲು ಬಾಯಲ್ಲಿ ಕಚ್ಚಿಕೊಂಡ ಗುಂಡುಸೂಜಿಗಳನ್ನು ತೆಗೆದಿಟ್ಟು, ಆಮೇಲೆ ಮಾತಾಡುತ್ತಿದ್ದಳು. ಪಡಸಾಲೆಯ ತುಂಬ ಆಕೆಯ ಉದ್ದ ತೋಳಿನ ಹೊಲಿಗೆ ಮಷಿನ್ನು. ಹಳೆಯ ಸೀರೆಗಳ ಪದರುಗಳನ್ನು ಚೌಕಟ್ಟಿಗೆ ಬಿಗಿದು, ಮಷಿನ್ನಿನ ತಲೆಯನ್ನು ಎರಡೂ ಕೈಯಿಂದ ಹಿಡಿದು ನೇಗಿಲಿನಂತೆ ನಡೆಸುತ್ತಿದ್ದಳು. ಯಾರಾದರೂ ಅವಸರ ಮಾಡಿದರೆ, "ಬಟ್ಟಿಗೆ ಗೊತ್ತಾಗ್ತದ್ರಿ" ಎನ್ನುತ್ತಿದ್ದಳು.

ಪರ ಊರಿನ ಒಬ್ಬ ವ್ಯಾಪಾರಿಯನ್ನು ಆಕೆಯಲ್ಲಿಗೆ ನಾನೇ ಕರೆದೊಯ್ದಿದ್ದೆ. ಹೇಳಿದ ನಲವತ್ತು ಕೌದಿ ಮುಗಿದ ದಿನ ಅವನು ಒಂದು ಕಟ್ಟು ಚೀಟಿ ತಂದ. "ಅಜ್ಜಿಯರ ಕೈಹೊಲಿಗೆ" ಎಂದು ಅಚ್ಚು ಹಾಕಿಸಿದ್ದ. ಕೌದಿಗೊಂದರಂತೆ ಅದನ್ನು ಹೊಲಿದು ಕೊಡಬೇಕಂತೆ.

"ಇದು ಮಷಿನ್ ಹೊಲಿಗಿ. ಯಾಕ ಸುಳ್ಳು ಬರೀತೀರಿ?" ಎಂದಳು.

"ಯಾರಿಗೆ ಗೊತ್ತಾಗುತ್ತಮ್ಮಾ?" ಎಂದು ಅವನು ನಕ್ಕ. ನಾನೂ, "ಒಂದು ಚೀಟಿ ತಾನೇ, ಹಾಕಿಬಿಡ್ರಿ" ಎಂದೆ.

ಆಕೆ ಸೂಜಿಗಳನ್ನು ತೆಗೆದಿಟ್ಟಳು. "ನಮ್ಮವ್ವ ಕೈಲೆ ಹೊಲದು ಹೊಲದು ಬೆರಳು ಮಡಚಲಾರದಂಗಾದ್ಲು. ಕೊನಿಗೆ ರೊಟ್ಟಿ ಮುರಿಯಾಕೂ ಬರಲಿಲ್ಲ. ಅದನ್ನ ನೋಡೇ ನಾ ಈ ಮಷಿನ್ ತಂದಿದ್ದು. ಆಕಿ ನೋವು ಇವನ ಚೀಟಿಗೆ ಬೇಕಾತೇನ್ರಿ?"

ಹಾಗಾದರೆ ಮಾಲು ಬೇಡ ಎಂದ ವ್ಯಾಪಾರಿ. "ಬ್ಯಾಡಂದ್ರ ಎದ್ದು ಹೋಗ್ರಿ!" ಎಂದು ಬಾಗಿಲು ತೋರಿಸಿದಳು.

ಆ ಚಳಿಗಾಲವೆಲ್ಲ ಆಕೆ ಸಂತೆಯಲ್ಲಿ ಕೂತು, "ಮಷಿನ್ ಹೊಲಿಗಿ, ಮಷಿನ್ ಹೊಲಿಗಿ" ಎಂದು ಕೂಗಿ ಆ ಕೌದಿಗಳನ್ನು ಮಾರಿದಳು. ಒಂದನ್ನು ಕೊಳ್ಳಲು ನಾನೂ ಹೋದೆ.

"ನಿಮಗ ಕೊಡಂಗಿಲ್ಲ" ಎಂದವಳೇ ನನ್ನ ಹಿಂದೆ ನಿಂತಾಕೆಯನ್ನು ಕರೆದಳು. "ನೀವು ಬರ್ರೆವ್ವ."