ಗುರೆಳ್ಳು ಹಿಂಡಿಯಲ್ಲಿ ಇನ್ನೊಂದು

ಮಸ್ಕಿ ಬಸ್ ನಿಲ್ದಾಣದ ಹೊರಗೆ ನನ್ನ ವಯಸ್ಸಿನ ಹೆಂಗಸೊಬ್ಬಳು ಗುರೆಳ್ಳು ಹಿಂಡಿ, ಅಂದರೆ ಗುರೆಳ್ಳಿನ ಚಟ್ನಿಪುಡಿ, ಮಾರುತ್ತಿದ್ದಳು. ಪೊಟ್ಟಣಗಳ ಮೇಲೆ ಒಂದಕ್ಷರವೂ ಇರಲಿಲ್ಲ. ಆಹಾರ ತಪಾಸಣೆ ನನ್ನ ಕೆಲಸ.

“ಇದರಾಗ ಏನೇನು ಹಾಕೀದಿ, ಎಲ್ಲಾ ಬರೆದು ಅಂಟಿಸಬೇಕವ್ವಾ,” ಎಂದೆ.

“ಮೊದಲ ತಿಂದು ನೋಡ್ರೀ,” ಎಂದು ನನ್ನ ಅಂಗೈಗೆ ಚಿಟಿಕೆ ಹಿಂಡಿ ಹಾಕಿದಳು.

ತೀರಿಹೋದ ನನ್ನ ಹೆಂಡತಿಯ ಹಿಂಡಿಗೂ ಇದೇ ರುಚಿ ಇತ್ತು. ಏನು ಹಾಕುತ್ತೀ ಎಂದು ಅವಳನ್ನು ನಾನು ಒಮ್ಮೆಯೂ ಕೇಳಿರಲಿಲ್ಲ. ಆಮೇಲೆ ನಾನೇ ಎಷ್ಟು ಸಲ ಕುಟ್ಟಿದರೂ ಆ ರುಚಿ ಬರಲಿಲ್ಲ.

“ಗುರೆಳ್ಳು, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಉಪ್ಪು. ಇನ್ನೊಂದೈತಿ, ಅದನ್ನ ಹೇಳಂಗಿಲ್ರೀ. ನಮ್ಮತ್ತಿ ನನಗಷ್ಟ ಹೇಳ್ಯಾಳ.”

“ತಿನ್ನೋರಿಗೆ ಗೊತ್ತಾಗಬೇಕು. ಕಾನೂನೈತಿ.”

“ತಿನ್ನೋರು ಯಾರೂ ಕೇಳಿಲ್ರೀ ಸಾಹೇಬ್ರ. ನೀವೊಬ್ರ ಕೇಳಾಕತ್ತೀರಿ.”

ನಾನು ದನಿ ಏರಿಸಿದೆ. ಎಲ್ಲವನ್ನೂ ಬರೆದು ಅಂಟಿಸಲು ಒಂದು ವಾರದ ನೋಟಿಸ್ ಕೊಟ್ಟೆ. ಅದನ್ನು ಬರೆಯುವಾಗ ನನ್ನ ಮನಸ್ಸಿನಲ್ಲಿದ್ದದ್ದು ಕಾನೂನಲ್ಲ.

ವಾರ ಕಳೆದ ಮೇಲೆ ಲಿಂಗಸುಗೂರಿನ ನನ್ನ ಕಚೇರಿಯಿಂದ ಮತ್ತೆ ಮಸ್ಕಿಗೆ ಹೋದೆ. ಅವಳ ಜಾಗ ಖಾಲಿ ಇತ್ತು. ಪಕ್ಕದ ಬಾಳೆಹಣ್ಣಿನವಳನ್ನು ಕೇಳಿದೆ.

“ಮಾರೋದು ಬಿಟ್ಟಾಳ್ರೀ,” ಎಂದಳು. “ಹೇಳೋದಕ್ಕಿಂತ ಬಿಡೋದ ಬೇಸು ಅಂದ್ಲು.”